ಕೊನೆಯವನ ಹಿಂದೆ ಒಬ್ಬ

ಮ್ಯಾರಥಾನ್ ಹತ್ತಿರ ಬಂತೆಂಬುದು ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಗೆ ವಾಸನೆಯಿಂದಲೇ ತಿಳಿಯುತ್ತಿತ್ತು. ಬೇರೆ ದಿನಗಳಲ್ಲಿ ಟವೆಲುಗಳಿಗೆ ಸೋಪಿನದೋ ಸೆಂಟಿನದೋ ವಾಸನೆ. ಆ ವಾರ ಮಾತ್ರ ನೋವಿನ ಮುಲಾಮಿನದು. ಎಲ್ಲೆಲ್ಲಿಂದಲೋ ಓಡಲು ಬಂದವರು ಮೇಲಿನ ಮಹಡಿಗಳಲ್ಲಿ ಮೊಣಕಾಲಿಗೆ ಮುಲಾಮು ಸವರಿಕೊಂಡು ಹಾಸಿಗೆಯ ಮೇಲೆ ಹೊರಳಾಡುತ್ತಿದ್ದರು. ಅದರ ಕಲೆಯೆಲ್ಲ ಕೆಳಗೆ ಪುಟ್ಟಿಯ ಕೈಗೆ ಬರುತ್ತಿತ್ತು.

ಒಗೆದ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡುವ ಕಾದ ಉರುಳೆಗೆ ಕೊಡುವುದು ಅವಳ ಕೆಲಸ. ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಜೊತೆಗಾತಿಯ ಕೈಯಲ್ಲಿ. ದಿನವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲಬೇಕು. ಆದರೂ ಪುಟ್ಟಿ ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

"ನಿನ್ನ ಜೊತೆ ಕೆಲಸ ಮಾಡೋದೂ ಒಂದೇ, ಕಂಬದ ಜೊತೆ ಮಾಡೋದೂ ಒಂದೇ," ಎನ್ನುತ್ತಿದ್ದಳು ಜೊತೆಗಾತಿ. "ಕಂಬಕ್ಕಾದ್ರೆ ಒರಗಿಕೊಳ್ಳಬಹುದು."

ಪುಟ್ಟಿ ನಕ್ಕು ಮುಂದಿನ ಬಟ್ಟೆಯ ತುದಿ ಎತ್ತಿಕೊಳ್ಳುತ್ತಿದ್ದಳು. ಮೇಲೆ ಮಲಗಿದವರೆಲ್ಲ ಓಡಲು ಬಂದಿರುವ ಆ ಓಟವನ್ನು ಶುರು ಮಾಡಿದ್ದು ತನ್ನ ಅಪ್ಪ ಎಂದು ಅವಳು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾಗುತ್ತಿತ್ತು.

ಆ ಸಂಜೆ ಮನೆಗೆ ಬಂದಾಗ ಮ್ಯಾರಥಾನ್ ಆಫೀಸಿನವನೊಬ್ಬ ಅಪ್ಪನ ಎದುರು ಕುಳಿತಿದ್ದ. ಮನೆಯೆಂದರೆ ಎರಡು ಕೋಣೆ. ಅಪ್ಪ ಹಿಂದೆ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹಳೆಯ ಲಾಂಡ್ರಿಯ ಮೇಲೆಯೇ ಇದ್ದವು. ಕೆಳಗಿನ ಲಾಂಡ್ರಿ ಮುಚ್ಚಿ ಈಗ ಅಲ್ಲಿ ಓಟದ ಬೂಟುಗಳ ಅಂಗಡಿ ಆಗಿತ್ತು. ಬಂದವನು ಟೀ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ. ಅತ್ತೆ, ಎಂದರೆ ಅಪ್ಪನ ತಂಗಿ, ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಈ ಸಲ ನೀವು ಮುಂದೆ ಸಾರ್," ಎಂದ ಆಫೀಸಿನವನು. "ತೆರೆದ ಜೀಪಿನಲ್ಲಿ, ಎಲ್ಲರಿಗಿಂತ ಮುಂದೆ. ಶುರು ಮಾಡಿದವರು ಇವರೇ ಅಂತ ಮೈಕಿನಲ್ಲಿ ಹೇಳ್ತೀವಿ."

"ಹಿಂದೆ ಯಾರು?" ಎಂದ ಅಪ್ಪ.

"ಹಿಂದೆ ಬಸ್ಸು. ನಿಧಾನ ಆದವರನ್ನ ಹತ್ತಿಸಿಕೊಂಡು ಬಂದುಬಿಡುತ್ತೆ. ಹೊತ್ತಿಗೆ ಸರಿಯಾಗಿ ರಸ್ತೆ ಬಿಟ್ಟುಕೊಡಬೇಕಲ್ಲ ಸಾರ್, ಪೊಲೀಸಿನವರು ಕೇಳಲ್ಲ."

"ಬಸ್ಸು ಬರೋದು ಹಿಡಿಯೋಕೆ. ಅದನ್ನ ನೋಡಿ ಯಾರಿಗೆ ಧೈರ್ಯ ಬರುತ್ತೆ?"

ಅವನು ನಕ್ಕ. ಒಳ್ಳೆಯವನೇ, ಮುಖದಲ್ಲಿ ಕೆಟ್ಟತನ ಇರಲಿಲ್ಲ. "ನಿಮ್ಮ ಆರೋಗ್ಯವನ್ನೂ ನೋಡಬೇಕಲ್ಲ ಸಾರ್," ಎಂದ. ಅದೇ ಹೊತ್ತಿಗೆ ಅಪ್ಪನಿಗೆ ಕೆಮ್ಮು ಬಂತು. ಬಾಯ್ಲರಿನ ಹೊಗೆ ಕುಡಿದ ಎದೆ ಅದು. ಕೆಮ್ಮು ಶುರುವಾದರೆ ಹಳೆಯ ಬಾಗಿಲು ತೆರೆದಂತೆ ಕಿರುಗುಟ್ಟುತ್ತ ಹೋಗುತ್ತಿತ್ತು. ಕೆಮ್ಮು ನಿಲ್ಲುವವರೆಗೂ ಬಂದವನು ಗೋಡೆ ನೋಡುತ್ತ ಕುಳಿತಿದ್ದು, ಅಪ್ಪ ತಲೆಯಾಡಿಸಿದ್ದನ್ನೇ ಒಪ್ಪಿಗೆ ಎಂದುಕೊಂಡು ಮೆಟ್ಟಿಲಿಳಿದು ಹೋದ.

"ಮುಂದೆ ಹೋಗಿ ನಾನೇನ್ ಮಾಡ್ಲಿ?" ಎಂದ ಅಪ್ಪ.

"ಕೈ ಬೀಸು," ಎಂದಳು ಅತ್ತೆ. "ಅದಕ್ಕೂ ಉಸಿರು ಬೇಕಾ?"

*

ಮೊದಲ ವರ್ಷದ ಓಟಕ್ಕೆ ಮ್ಯಾರಥಾನ್ ಎಂದು ಹೆಸರಿಟ್ಟವರಿಗೆ ಮ್ಯಾರಥಾನ್ ಎಷ್ಟು ಉದ್ದ ಇರಬೇಕೆಂಬುದೇ ಗೊತ್ತಿರಲಿಲ್ಲ. ಲಾಂಡ್ರಿಗೆ ಭಾನುವಾರ ರಜೆ. ಅಪ್ಪನೂ ಇಸ್ತ್ರಿಯವರಿಬ್ಬರೂ ಬೆಳಿಗ್ಗೆ ನೀರಿನ ಟ್ಯಾಂಕಿನವರೆಗೆ ಓಡಿ ಬರುತ್ತಿದ್ದರು. ವಾರವಿಡೀ ಉಗಿಯಲ್ಲಿ ಬೆಂದವರಿಗೆ ತಣ್ಣನೆಯ ಗಾಳಿ ಸಿಕ್ಕರೆ ಸಾಕಾಗಿತ್ತು. ಅವರನ್ನು ನೋಡಿ ಬೇಕರಿಯವನು ಸೇರಿದ, ಅಂಚೆಯವನು ಸೇರಿದ, ಸೈಕಲ್ ರಿಪೇರಿಯವನು ಸೇರಿದ. ಹೀಗೆ ಹತ್ತು ಹನ್ನೆರಡು ಜನ ಆದಾಗ, ಒಂದು ಪಂದ್ಯವೇ ಇಟ್ಟುಬಿಡೋಣ, ಟ್ಯಾಂಕಿಗೆ ಮೂರು ಸಲ ಹೋಗಿ ಬಂದು ಸುಸ್ತಾಗುವಷ್ಟು ಓಡೋಣ ಎಂದು ನಿರ್ಧಾರವಾಯಿತು. ಮ್ಯಾರಥಾನ್ ಇನ್ನೂ ತುಂಬಾ ಉದ್ದ ಎಂದು ಯಾರೋ ಓದಿ ಹೇಳಿದ್ದು ಮುಂದಿನ ವರ್ಷ.

ಎದೆಗೆ ಅಂಟಿಸಲು ನಂಬರು ಬೇಕಲ್ಲ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲರ ಬಟ್ಟೆಯೂ ಒಗೆಯಲು ಬರುತ್ತಿದ್ದುದು ಆ ಲಾಂಡ್ರಿಗೇ. ಯಾರ ಬಟ್ಟೆ ಯಾರದೆಂದು ತಿಳಿಯಲು ಕುತ್ತಿಗೆಯ ಒಳಬದಿಯಲ್ಲಿ ಹೋಗದ ಮಸಿಯಿಂದ ಗುರುತು ಹಾಕುತ್ತಿದ್ದರು: ಬೇಕರಿಯವನಿಗೆ ಮೂರು ಚುಕ್ಕಿ, ಅಂಚೆಯವನಿಗೆ ಒಂದು ಕೊಂಡಿ, ಅಪ್ಪನಿಗೆ ಎರಡು ಅಡ್ಡಗೆರೆ. ಬನಿಯನ್ನುಗಳನ್ನು ಉಲ್ಟಾ ಮಾಡಿ ಹಾಕಿಕೊಂಡರು, ಗುರುತು ಹೊರಗೆ ಬಂತು, ನಂಬರಿನ ಕೆಲಸ ಮುಗಿಯಿತು. ಮುಗಿಯುವ ಗೆರೆಗೆ ಲಾಂಡ್ರಿಯ ಬಟ್ಟೆ ಒಣಹಾಕುವ ಹಗ್ಗ. ಅದರ ಒಂದು ತುದಿಯನ್ನು ಅಮ್ಮ ಹಿಡಿದಿದ್ದಳು, ಇನ್ನೊಂದನ್ನು ಅತ್ತೆ. ಪುಟ್ಟಿ ಆಗ ಅಮ್ಮನ ಹೊಟ್ಟೆಯಲ್ಲಿದ್ದಳು. "ಅಲ್ಲೇ ಇದ್ದೆಯಲ್ಲ, ಕೂಗಿ ಹುರಿದುಂಬಿಸೋದು ಬಿಟ್ಟು ಆಗಲೂ ಸುಮ್ಮನೇ ಇದ್ದೆ," ಎಂದು ಅತ್ತೆ ಈಗಲೂ ಛೇಡಿಸುತ್ತಾಳೆ.

ಅಂದು ಎಲ್ಲರಿಗಿಂತ ಮುಂದೆ ಇದ್ದದ್ದು ಅಪ್ಪ. ಎರಡನೆಯ ಸಲ ಟ್ಯಾಂಕಿನ ಹತ್ತಿರ ತಿರುಗುವಾಗ ಅವನ ತಲೆಯಲ್ಲಿ ಹುಳ ಹೊಕ್ಕಿತು: ಶನಿವಾರ ಸಂಜೆ ಬಾಯ್ಲರಿನ ವಾಲ್ವು ಮುಚ್ಚಿದೆನೋ ಇಲ್ಲವೋ? ಮುಚ್ಚಿದ ನೆನಪು ಕೈಗಿತ್ತು, ತಲೆಗಿರಲಿಲ್ಲ. ಓಟ ಬಿಟ್ಟು ಅಡ್ಡದಾರಿಯಲ್ಲಿ ಲಾಂಡ್ರಿಗೆ ಓಡಿ, ಬೀಗ ತೆಗೆದು ನೋಡಿದರೆ ವಾಲ್ವು ಮುಚ್ಚಿಯೇ ಇತ್ತು. ತನ್ನನ್ನೇ ಬೈದುಕೊಂಡು, ಓಟ ಬಿಟ್ಟ ಜಾಗಕ್ಕೇ ಹೋಗಿ ಮತ್ತೆ ಶುರು ಮಾಡಿದ. ಅಷ್ಟು ಹೊತ್ತಿಗೆ ಎಲ್ಲರೂ ಮುಂದೆ ಹೋಗಿಯಾಗಿತ್ತು. ಬೇಕರಿಯವನು ಮಾತ್ರ ರಸ್ತೆ ಬದಿಯ ಕಲ್ಲಿನ ಮೇಲೆ ಬೂಟು ಬಿಚ್ಚಿ ಕುಳಿತಿದ್ದ. ಭಾರೀ ಆಳು. ತಾನೇ ಕೊನೆ, ಇನ್ನು ಓಡಿ ಏನು ಪ್ರಯೋಜನ ಎಂದು ಕುಳಿತವನು, ಹಿಂದಿನಿಂದ ಒಬ್ಬ ಓಡಿ ಬರುವುದನ್ನು ಕಂಡ. ಕಂಡವನೇ ಎದ್ದ. ಬೂಟು ಕೈಯಲ್ಲೇ ಹಿಡಿದು ಓಡತೊಡಗಿದ.

ಅಪ್ಪ ಅವನನ್ನು ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಆ ದಪ್ಪ ಬೆನ್ನು ಹೇಗೆ ನೆಟ್ಟಗಾಯಿತು ಎಂಬುದನ್ನು ನೋಡುತ್ತ ಅವನ ಹಿಂದೆಯೇ ಬಂದ. ಬೇಕರಿಯವನು ಹಗ್ಗ ಮುಟ್ಟಿ, ಕೈ ಮೇಲೆತ್ತಿ, ಗೆದ್ದವನಿಗಿಂತ ಹೆಚ್ಚು ಗದ್ದಲ ಮಾಡಿದನಂತೆ. ಅಂದು ಸಂಜೆ ಅಪ್ಪ ಅಮ್ಮನಿಗೆ ಹೇಳಿದ ಮಾತನ್ನು ಅತ್ತೆ ಪುಟ್ಟಿಗೆ ಎಷ್ಟೋ ಸಲ ಹೇಳಿದ್ದಳು: "ಹಿಂದೆ ಒಬ್ಬ ಇದ್ದಾನೆ ಅಂತ ಗೊತ್ತಾದ್ರೆ ಮನುಷ್ಯ ಎಷ್ಟು ದೂರ ಬೇಕಾದ್ರೂ ಹೋಗ್ತಾನೆ."

ಮುಂದಿನ ವರ್ಷದಿಂದ ಅಪ್ಪನ ಜಾಗ ಅದೇ ಆಯಿತು. ಎಷ್ಟೇ ನಿಧಾನದವನಿರಲಿ, ಅವನ ಹಿಂದೆ ಇಪ್ಪತ್ತು ಮಾರು ಬಿಟ್ಟು ಅಪ್ಪ. ಹತ್ತಿರವೂ ಹೋಗುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಮುಂದಿನವನು ತಿರುಗಿ ನೋಡಿದರೆ ಒಮ್ಮೆ ಕೈ ಬೀಸುತ್ತಿದ್ದ, ಅಷ್ಟೇ. ಜನ ಅವನಿಗೆ 'ಬಾಲ' ಎಂದು ಹೆಸರಿಟ್ಟರು. ಕಿಟಕಿಗಳಿಂದ ಮಕ್ಕಳು "ಬಾಲ ಬಂತು, ಬಾಲ ಬಂತು" ಎಂದು ಕೂಗಿದರೆ ಓಟ ಮುಗಿಯಿತೆಂದು ಅರ್ಥ. ಅಂಗಡಿಯವರು ಬೆಂಚುಗಳನ್ನು ಮತ್ತೆ ರಸ್ತೆಗೆ ಎಳೆಯುತ್ತಿದ್ದರು. ಅವನು ಬರುವವರೆಗೆ ಅಮ್ಮನೂ ಅತ್ತೆಯೂ ಹಗ್ಗ ಇಳಿಸುತ್ತಿರಲಿಲ್ಲ. ತೋಳು ಸೋತರೆ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೈ ಕೊಡವಿಕೊಳ್ಳುತ್ತಿದ್ದರು.

ಓಟ ಬೆಳೆಯಿತು. ಆಸ್ಪತ್ರೆಯ ನರ್ಸುಗಳು ಬಂದರು, ಬಸ್ ಡಿಪೋದವರು ಬಂದರು, ಸೇತುವೆಯ ಆಚೆಯವರು ಬಂದರು. ಒಂದು ವರ್ಷ ಪೊಲೀಸರು ಸೀಟಿ ಊದಿ ರಸ್ತೆ ತಡೆದರು. ಆ ಸೀಟಿಯ ಸದ್ದಿಗೆ ಅಪ್ಪನ ಕಣ್ಣು ತುಂಬಿತ್ತಂತೆ. ಆಮೇಲೆ ಕಂಪನಿಗಳು ಬಂದವು. ಹಗ್ಗದ ಜಾಗಕ್ಕೆ ಬಣ್ಣದ ರಿಬ್ಬನ್ ಬಂತು, ರಿಬ್ಬನ್ನಿನ ಜಾಗಕ್ಕೆ ಗಾಳಿ ತುಂಬಿದ ಕಮಾನು ಬಂತು, ಕಮಾನಿನ ಕೆಳಗೆ ಕಾಲಿಟ್ಟರೆ ಕೀಂ ಎಂದು ಹೊತ್ತು ಬರೆದುಕೊಳ್ಳುವ ಚಾಪೆ ಬಂತು. ಹೊಲಿಗೆ ಹೊರಗೆ ಕಾಣುವಂತೆ ಉಲ್ಟಾ ಹೊಲಿದ ಟೀ ಶರ್ಟುಗಳನ್ನು ಹಳೆಯ ಸಂಪ್ರದಾಯವೆಂದು ಕೆಳಗಿನ ಬೂಟಿನ ಅಂಗಡಿಯಲ್ಲೇ ಮಾರತೊಡಗಿದರು. ಯಾಕೆ ಉಲ್ಟಾ ಎಂದು ಕೊಳ್ಳುವವರು ಕೇಳುತ್ತಿರಲಿಲ್ಲ, ಮಾರುವವನಿಗೂ ಗೊತ್ತಿರಲಿಲ್ಲ.

ಬೇಕರಿಯವನು ಸತ್ತ. ಅಮ್ಮ ಸತ್ತಳು. ಪುಟ್ಟಿ ಶಾಲೆ ಬಿಟ್ಟು ಮನೆಯ ಒಲೆ ಹಿಡಿದಳು, ಆಮೇಲೆ ಹೋಟೆಲಿನ ಕೆಲಸ ಹಿಡಿದಳು. ಹಗ್ಗ ಅತ್ತೆಯ ಬಾಲ್ಕನಿಗೆ ಹೋಗಿ ಅದರ ಮೇಲೆ ಮತ್ತೆ ಬಟ್ಟೆ ಒಣಗಿದವು. ಅಪ್ಪ ಮಾತ್ರ ವರ್ಷ ವರ್ಷವೂ ಹಿಂದೆ ಓಡುತ್ತಲೇ ಇದ್ದ. ಓಟ ಎನ್ನುವುದಕ್ಕಿಂತ ಈಗೀಗ ನಡಿಗೆಯೇ ಹೆಚ್ಚಾಗಿತ್ತು. ಒಂದಷ್ಟು ವರ್ಷ ಅವನಿಗೊಂದು ಹಸಿರು ಜಾಕೆಟ್ ಕೊಟ್ಟಿದ್ದರು. ಹೋದ ವರ್ಷ ಅದನ್ನು ವಾಪಸು ತೆಗೆದುಕೊಂಡರು. ಈ ವರ್ಷ ಜೀಪು.

*

ಓಟದ ಹಿಂದಿನ ದಿನ ಅಪ್ಪ ಪೆಟ್ಟಿಗೆಯ ತಳದಿಂದ ಮೊದಲ ವರ್ಷದ ಬನಿಯನ್ ತೆಗೆದ. ತೆಳುವಾಗಿ ಬಲೆಯಂತಾಗಿತ್ತು, ಕುತ್ತಿಗೆಯ ಎರಡು ಅಡ್ಡಗೆರೆ ಮಾತ್ರ ನಿನ್ನೆ ಬರೆದ ಹಾಗಿತ್ತು. ಪುಟ್ಟಿ ಅದಕ್ಕೆ ಇಸ್ತ್ರಿ ಹಾಕಿ ಕೊಟ್ಟಳು.

"ನಾನು ಜೀಪ್ ಹತ್ತಲ್ಲ," ಎಂದ ಅಪ್ಪ. "ಹಿಂದೆ ಹೋಗಿ ಸೇರ್ಕೋತೀನಿ. ನಂಬರೂ ಬೇಡ, ಬೂಟಿಗೆ ಕಟ್ಟೋ ಚಿಪ್ಪೂ ಬೇಡ. ಒಂದೇ ಒಂದು ಸಲ. ಆಮೇಲೆ ಎದೆ ಕೇಳಲ್ಲ, ನನಗೂ ಗೊತ್ತು."

"ಅಷ್ಟು ದೂರ ಆಗುತ್ತಾ ಅಪ್ಪ?"

"ಕೊನೆಯವರಿಗೆ ಎಷ್ಟಾಗುತ್ತೋ ಅಷ್ಟು ನನಗೂ ಆಗುತ್ತೆ. ಅವರಿಗಿಂತ ಬೇಗ ಹೋಗೋ ಹಾಗಿಲ್ಲವಲ್ಲ." ಅವನು ಬನಿಯನ್ನನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ನಿನ್ನಿಂದ ಒಂದು ಕೆಲಸ ಆಗಬೇಕು. ಗೆರೆ ಹತ್ರ ನಿಂತಿರು. ಮೊದಲೇ ಎಲ್ಲ ಕಿತ್ತು ಹಾಕೋಕೆ ನೋಡ್ತಾರೆ. ಆಗ ಹೇಳು, ಇನ್ನೂ ಬರೋರಿದ್ದಾರೆ ಅಂತ. ಬಂದವರಿಗೆ ಗೆರೆ ಇರಬೇಕು ಪುಟ್ಟಿ. ಅಷ್ಟು ದೂರ ಓಡಿ ಬಂದು ಖಾಲಿ ರಸ್ತೆ ನೋಡಬಾರದು."

"ಇವಳ ಹತ್ರ ಹೇಳಿಸ್ತೀಯ?" ಎಂದಳು ಅತ್ತೆ. "ಇವಳ ಬಾಯಿಗೆ ಬೀಗ ಹಾಕಿ ಕೀಲಿಕೈ ಎಲ್ಲಿಟ್ಟರೋ ದೇವರಿಗೇ ಗೊತ್ತು. ಅಂಗಡಿಯಲ್ಲಿ ಸೋಪು ಬೇಕಾದ್ರೆ ಬೆರಳು ತೋರಿಸ್ತಾಳಣ್ಣ ಇವಳು."

"ಹೇಳ್ತಾಳೆ," ಎಂದ ಅಪ್ಪ.

ಪಾತ್ರೆ ತೊಳೆಯುವಾಗ ಪುಟ್ಟಿ ಒಳಗೊಳಗೇ ಆ ಮಾತನ್ನು ಬಾಯಿಪಾಠ ಮಾಡಿಕೊಂಡಳು. ಇನ್ನೂ ಬರೋರಿದ್ದಾರೆ. ಇನ್ನೂ ಬರೋರಿದ್ದಾರೆ. ಅತ್ತೆ ತನ್ನ ಮನೆಗೆ ಹೊರಡುವಾಗ, ನಾಳೆ ಗೆರೆಯ ಹತ್ತಿರ ಹೋಗುವ ಮುಂಚೆ ತನ್ನ ಬಾಲ್ಕನಿಯ ಹಗ್ಗ ಬಿಚ್ಚಿಕೊಂಡು ಹೋಗೆಂದು ಪುಟ್ಟಿಗೆ ಹೇಳಿದಳು. "ಕಮಾನು ಇಳಿಸಿದ್ರೆ ಅದನ್ನ ಕಟ್ಟು," ಎಂದಳು, ಅರ್ಧ ತಮಾಷೆಗೆ.

*

ಬೆಳಿಗ್ಗೆ ಜೀಪಿನಲ್ಲಿ ಹೋದದ್ದು ಅತ್ತೆ. ಅಪ್ಪನನ್ನು ಹುಡುಕಿ ಹುಡುಕಿ ಸಾಕಾದ ಆಫೀಸಿನವನು, ಮನೆಯವರು ಯಾರಾದರೂ ಆದೀತು ಎಂದನಂತೆ. ಮುಗಿಯುವ ಗೆರೆಯ ಹತ್ತಿರ ಬೇಲಿಗೆ ಅಂಟಿ ನಿಂತಿದ್ದ ಪುಟ್ಟಿ ನೋಡುತ್ತಾಳೆ, ಅತ್ತೆ ಹೂಗುಚ್ಛ ಹಿಡಿದು ಜೀಪಿನಲ್ಲಿ ನಿಂತು, ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿದವಳ ಹಾಗೆ ಎರಡೂ ಬದಿಗೆ ಕೈ ಬೀಸುತ್ತ ಬರುತ್ತಿದ್ದಾಳೆ. ಇಳಿದವಳು ಪುಟ್ಟಿಯ ಹತ್ತಿರ ಬಂದು, "ಯಾರಾದ್ರೂ ಕೂರಬೇಕಲ್ಲ ಅಂದ್ರು, ಕೂತೆ. ನಿಂತಿದ್ದೇ ಹೆಚ್ಚು, ಸೊಂಟ ಹೋಯ್ತು," ಎಂದಳು. ಬಿಸಿಲೇರುವವರೆಗೆ ಇದ್ದು, ಸೊಂಟದ ನೆಪ ಹೇಳಿ ಮನೆಗೆ ಹೋದಳು.

ಗೆದ್ದವರು ಬಂದು ಹೋದರು. ಅವರ ಹಿಂದೆ ನೂರಾರು, ಆಮೇಲೆ ಸಾವಿರಾರು ಜನ ಬಂದರು. ಚಾಪೆಯ ಕೀಂ ಸದ್ದು ಒಂದಕ್ಕೊಂದು ಅಂಟಿ ಒಂದೇ ಸದ್ದಾಯಿತು. ಮೈಕಿನವನು ಎಲ್ಲರಿಗೂ ನೀವೇ ವೀರರು ಎಂದ. ಹೊತ್ತು ಏರಿದಂತೆ ಕೀಂ ಬಿಡಿಬಿಡಿಯಾಯಿತು. ಜನ ಚದುರಿದರು. ನೀರಿನ ಖಾಲಿ ಬಾಟಲಿಗಳು ರಸ್ತೆಯಲ್ಲಿ ಉರುಳಾಡಿದವು. ಮೈಕಿನವನು ಮೈಕು ಸುತ್ತಿಟ್ಟು ಹೋದ. ಕಮಾನಿನ ಹತ್ತಿರ ಉಳಿದದ್ದು ಕೆಲಸದವರು ಕೆಲವರು, ಮತ್ತು ಅವರ ಮೇಲೆ ಉಸ್ತುವಾರಿಯ ಒಬ್ಬ ನೀಲಿ ಜಾಕೆಟ್ಟಿನ ಹೆಂಗಸು. ಅವಳ ಕೈಯಲ್ಲಿ ವಾಕಿಟಾಕಿ ಇತ್ತು, ಮುಂದೆ ಮೇಜಿನ ಮೇಲೆ ಒಂದು ಸ್ಕ್ರೀನು.

ಕೆಲಸದವರು ಚಾಪೆಯ ತುದಿ ಎತ್ತಿದರು.

ಪುಟ್ಟಿ ಬಾಯಿಪಾಠ ಮಾಡಿದ ಮಾತನ್ನು ಇನ್ನೊಮ್ಮೆ ಒಳಗೇ ಹೇಳಿಕೊಂಡಳು. ಬೇಲಿಯ ಸಂದಿನಿಂದ ನುಸುಳಿ ಆ ಹೆಂಗಸಿನ ಎದುರು ಹೋಗಿ ನಿಂತಳು.

"ಇನ್ನೂ ಬರೋರಿದ್ದಾರೆ," ಎಂದಳು.

ಹೆಂಗಸು ತಲೆಯೆತ್ತಿದಳು. "ಏನಮ್ಮಾ?"

"ಇನ್ನೂ ಬರೋರಿದ್ದಾರೆ. ಗೆರೆ ತೆಗೀಬೇಡಿ." ಎರಡನೆಯ ಸಲ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಚಾಪೆ ಎತ್ತುತ್ತಿದ್ದವರೂ ನಿಂತು ನೋಡಿದರು.

"ಇಲ್ಲಮ್ಮ, ಎಲ್ಲರೂ ಬಂದಾಯ್ತು," ಎಂದಳು ಹೆಂಗಸು, ಮೃದುವಾಗಿಯೇ. ಸ್ಕ್ರೀನು ತಿರುಗಿಸಿ ತೋರಿಸಿದಳು. "ನೋಡು, ದಾರಿಯಲ್ಲಿ ಯಾರೂ ಇಲ್ಲ. ಉಳಿದವರೆಲ್ಲ ಬಸ್ಸಿನಲ್ಲಿದ್ದಾರೆ. ನಿಮ್ಮವರು ಯಾರಾದ್ರೂ ಬರಬೇಕಿತ್ತಾ?"

"ಅಪ್ಪ."

"ಅವರ ನಂಬರ್ ಹೇಳು."

"ನಂಬರಿಲ್ಲ. ಅಪ್ಪ ಹಿಂದೆ... ಕೊನೆಯವರ ಹಿಂದೆ ಬರೋದು."

ಹೆಂಗಸಿಗೆ ಅರ್ಥವಾಗಲಿಲ್ಲ. ಆದರೆ ಅವಳು ಒಂದು ಕೈಯೆತ್ತಿ ಕೆಲಸದವರಿಗೆ ಸ್ವಲ್ಪ ತಡೆಯಿರಿ ಎಂದಳು. ಚಾಪೆಯ ತುದಿ ಮತ್ತೆ ನೆಲಕ್ಕೆ ಇಳಿಯಿತು. ಪುಟ್ಟಿ ಅದನ್ನು ನೋಡಿದಳು. ತನ್ನ ಒಂದು ಮಾತಿಗೆ ಅಷ್ಟು ದೊಡ್ಡ ವಸ್ತು ನಿಂತಿತ್ತು. ಅಷ್ಟರಲ್ಲಿ ವಾಕಿಟಾಕಿ ಕರಕರ ಎಂದಿತು.

"ಬಸ್ಸಿನಿಂದ ಮಾತಾಡ್ತಿರೋದು. ಇಲ್ಲಿ ಕೊನೆಗೆ ಹತ್ತಿದ ಒಬ್ರು ಹೆಂಗಸು ದೂರು ಹೇಳ್ತಿದ್ದಾರೆ ಮೇಡಂ. ಯಾರೋ ಮುದುಕ ತುಂಬಾ ಹೊತ್ತಿಂದ ಅವರ ಹಿಂದೇನೇ ಬರ್ತಿದ್ದನಂತೆ. ನಿಂತ್ರೆ ಅವನೂ ನಿಂತ್ಕೋತಿದ್ದನಂತೆ. ತಿರುಗಿ ನೋಡಿದ್ರೆ ಕೈ ಬೀಸ್ತಿದ್ದನಂತೆ. ತುಂಬಾ ಹೆದರಿದ್ದಾರೆ, ಅವರೇ ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದ್ರು."

"ನೀವು ನೋಡಿದ್ರಾ ಅವನನ್ನ?"

"ನೋಡಿದ್ವಿ. ನಂಬರಿರಲಿಲ್ಲ, ಯಾರೋ ದಾರಿಹೋಕ ಅಂತ ಬಿಟ್ಟು ಬಂದ್ವಿ. ಬನಿಯನ್ ಉಲ್ಟಾ ಹಾಕಿದ್ದ, ತಲೆ ಸರಿ ಇಲ್ವೇನೋ. ಪೊಲೀಸಿಗೆ ಹೇಳೋಣ್ವಾ?"

"ಒಂದು ನಿಮಿಷ," ಎಂದಳು ಹೆಂಗಸು. ವಾಕಿಟಾಕಿ ಕೆಳಗಿಳಿಸಿ ಪುಟ್ಟಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಂಶಯ ಇನ್ನೂ ಮೂಡಿರಲಿಲ್ಲ; ಕೇಳುವುದನ್ನು ಕೇಳುತ್ತಿದ್ದಳು, ಅಷ್ಟೇ. "ನಿಮ್ಮಪ್ಪ ಹೇಗಿದ್ದಾರಮ್ಮ? ಏನು ಹಾಕ್ಕೊಂಡಿದ್ದಾರೆ?"

ಪುಟ್ಟಿಗೆ ಎಲ್ಲವೂ ಗೊತ್ತಿತ್ತು. ಬನಿಯನ್ನಿನ ಯಾವ ಹೊಲಿಗೆ ಎಲ್ಲಿ ಬಿಟ್ಟಿದೆ ಎಂಬುದೂ ಗೊತ್ತಿತ್ತು. ಮೊದಲಿನಿಂದ ಹೇಳುತ್ತ ಬಂದರೆ, ವಾಲ್ವಿನಿಂದ, ಬೇಕರಿಯವನಿಂದ, ಹಗ್ಗದಿಂದ, ಈ ಹೆಂಗಸಿಗೆ ಅರ್ಥವಾದರೂ ಆಗಬಹುದಿತ್ತು. ಆದರೆ ಅಷ್ಟು ಉದ್ದದ ಮಾತನ್ನು ಅವಳು ಜನ್ಮದಲ್ಲಿ ಆಡಿದವಳಲ್ಲ. ಅದನ್ನು ಆಡಿ ಮುಗಿಸುವಷ್ಟರಲ್ಲಿ ಪೊಲೀಸಿನವನೊಬ್ಬ ಅಪ್ಪನ ತೋಳು ಹಿಡಿದು ರಸ್ತೆಯ ನಡುವೆ ನಿಲ್ಲಿಸಿದ್ದರೆ? ಹೆದರಿದ ಹೆಂಗಸನ್ನು ಕರೆತಂದು, ಇವನೇನಾ ಎಂದು ಅವನೆದುರೇ ಕೇಳಿದರೆ?

"ನೀಲಿ ಶರ್ಟು," ಎಂದಳು ಪುಟ್ಟಿ. "ಅಪ್ಪ ಮನೆಗೆ ಹೋಗಿರಬೇಕು. ನನಗೇ ಸರಿಯಾಗಿ ಗೊತ್ತಾಗಲಿಲ್ಲ."

"ಹೋಗಿರ್ತಾರೆ ಬಿಡು. ಬಿಸಿಲಲ್ಲಿ ನಿಲ್ಲಬೇಡ ನೀನು." ಹೆಂಗಸು ಅವಳ ಕೈಗೊಂದು ನೀರಿನ ಬಾಟಲಿ ಇಟ್ಟಳು. ವಾಕಿಟಾಕಿಗೆ, "ಪೊಲೀಸು ಬೇಡ, ಅವರನ್ನ ಸಮಾಧಾನ ಮಾಡಿ ಕರ್ಕೊಂಡು ಬನ್ನಿ," ಎಂದಳು. ಕೆಲಸದವರಿಗೆ ತಲೆಯಾಡಿಸಿದಳು.

ಚಾಪೆ ಸುತ್ತಿ ಹೋಯಿತು. ಕಮಾನಿನ ಗಾಳಿ ಬಿಟ್ಟರು. ಅದು ಒದ್ದೆ ಹಾಸುಬಟ್ಟೆಯಂತೆ ಮೊದಲು ನಡುವಿನಲ್ಲಿ ಜೋತು, ಆಮೇಲೆ ಒಂದು ಬದಿಗೆ ವಾಲಿ, ಕೊನೆಗೆ ರಸ್ತೆಯ ಮೇಲೆ ಮಲಗಿತು. ಇಬ್ಬರು ಅದರ ಮೇಲೆ ಹೊರಳಿ ಉಳಿದ ಗಾಳಿ ಹೊರಡಿಸಿದರು. ಬಸ್ಸು ಬಂತು. ಕುಂಟುತ್ತ ಇಳಿದವರ ನಡುವೆ ಬಿಳಿಚಿಕೊಂಡ ಮುಖದ ಒಬ್ಬ ಹೆಂಗಸನ್ನು ಪುಟ್ಟಿ ಕಂಡಳು. ವಯಸ್ಸಿನಲ್ಲಿ ತನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಗಂಡನೋ ಅಣ್ಣನೋ ಬಂದು ಅವಳ ಹೆಗಲಿಗೆ ಟವೆಲು ಹೊದಿಸಿದ. ಅವಳು ಒಮ್ಮೆ ಹಿಂದಕ್ಕೆ, ಬಸ್ಸು ಬಂದ ದಾರಿಯ ಕಡೆ ನೋಡಿದಳು. ಅವಳ ಮೇಲೆ ಸಿಟ್ಟು ಬಂದಿದ್ದರೆ ಪುಟ್ಟಿಗೆ ಹಗುರವಾಗುತ್ತಿತ್ತು. ಆದರೆ ಅವಳ ಜಾಗದಲ್ಲಿ ಇದ್ದಿದ್ದರೆ ತಾನೂ ಹೆದರುತ್ತಿದ್ದೆ ಎಂಬುದು ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು.

ಬೇಲಿಗಳನ್ನು ಲಾರಿಗೆ ತುಂಬಿದರು. ನೀರಿನ ಟ್ಯಾಂಕರು ರಸ್ತೆ ತೊಳೆದು ಹೋಯಿತು. ಅದರ ಬೆನ್ನಿಗೇ ಕಾರುಗಳು ಬಂದವು, ಬೆಳಿಗ್ಗೆಯಿಂದ ತಡೆದಿಟ್ಟ ಸಿಟ್ಟೆಲ್ಲ ಹಾರನ್ನಿನಲ್ಲಿ ತೀರಿಸುತ್ತ.

*

ಅಪ್ಪ ಫುಟ್‌ಪಾತಿನ ಮೇಲೆ ನಡೆದು ಬಂದ. ಅಂಗಡಿಗಳು ತೆರೆದಿದ್ದವು, ಚೀಲ ಹಿಡಿದವರು, ಮಗುವಿನ ಗಾಡಿ ತಳ್ಳುವವರು ಅವನನ್ನು ಬಳಸಿಕೊಂಡು ಹೋಗುತ್ತಿದ್ದರು. ಹತ್ತು ಹೆಜ್ಜೆಗೊಮ್ಮೆ ನಿಂತು ಗೋಡೆ ಹಿಡಿಯುತ್ತಿದ್ದ. ಪುಟ್ಟಿಯ ಚೀಲದಲ್ಲಿ ಹಗ್ಗ ಇತ್ತು. ತೆಗೆಯೋಣ ಎಂದು ಕೈ ಹಾಕಿದಳು. ಹಗ್ಗಕ್ಕೆ ಎರಡು ತುದಿ, ಹಿಡಿಯಲು ಇಬ್ಬರು ಬೇಕು. ಕೈಯನ್ನು ಚೀಲದೊಳಗೇ ಬಿಟ್ಟುಕೊಂಡು ನಿಂತಳು.

ಅವನು ಬಂದು ಕಮಾನಿದ್ದ ಜಾಗವನ್ನು ನೋಡಿದ. ರಸ್ತೆ ಇನ್ನೂ ಒದ್ದೆಯಾಗಿತ್ತು.

"ಹೇಳೋಕಾಗಲಿಲ್ವಾ?" ಎಂದ. ಬೈಗುಳ ಇರಲಿಲ್ಲ ದನಿಯಲ್ಲಿ.

ತಾನು ಹೇಳಿದ್ದು, ಚಾಪೆ ನಿಂತದ್ದು, ಎರಡನೆಯ ಸಲ ದನಿ ಜೋರಾಗಿ ಬಂದದ್ದು ಎಲ್ಲ ಪುಟ್ಟಿಯ ನಾಲಿಗೆಯ ತುದಿಗೆ ಬಂತು. ಅಷ್ಟು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

"ಆಗಲಿಲ್ಲ ಅಪ್ಪ," ಎಂದಳು. "ಬಾಯೇ ಬರಲಿಲ್ಲ."

"ಹೋಗಲಿ ಬಿಡು. ಅಮ್ಮನೂ ಹಾಗೇ ಇದ್ದಳು ಮೊದಮೊದಲು." ಅಪ್ಪ ಅವಳ ಕೈಯ ಬಾಟಲಿ ತೆಗೆದುಕೊಂಡು ನೀರು ಕುಡಿದ. ಅರ್ಧ ಗದ್ದದ ಮೇಲೆ ಚೆಲ್ಲಿಕೊಂಡ. "ಒಬ್ಬಳು ಹುಡುಗಿ ಇದ್ದಳು ಕೊನೆಗೆ. ಕಾಲು ನೋವೋ ಏನೋ, ಬಸ್ ಹತ್ತಿಬಿಟ್ಟಳು. ಆಮೇಲೆ ಮುಂದೆ ಯಾರೂ ಇರಲಿಲ್ಲ. ಹಿಂದೆ ಇರಬೇಕಂದ್ರೆ ಮುಂದೆ ಒಬ್ಬರಾದ್ರೂ ಬೇಕಲ್ಲ. ಸುಮ್ಮನೆ ನಡ್ಕೊಂಡು ಬಂದೆ."

"ಊಂ," ಎಂದಳು ಪುಟ್ಟಿ.

ಇಬ್ಬರೂ ಮನೆಯ ದಾರಿ ಹಿಡಿದರು. ಅಪ್ಪನಿಗೆ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಪುಟ್ಟಿ ಮೊದಲು ಅವನ ಪಕ್ಕದಲ್ಲಿ ನಡೆದಳು. ಆಮೇಲೆ ಮೆಲ್ಲನೆ ಹಿಂದೆ ಬಿದ್ದಳು. ಇಪ್ಪತ್ತು ಮಾರು ಬಿಟ್ಟು, ಅವನು ನಿಂತರೆ ನಿಂತು, ನಡೆದರೆ ನಡೆದು ಬಂದಳು. ಇಷ್ಟು ವರ್ಷಗಳಲ್ಲಿ ಅಪ್ಪನ ಹಿಂದೆ ಯಾರೂ ಬಂದಿರಲಿಲ್ಲ. ಆ ಬೆನ್ನು ಈಗ ನೆಟ್ಟಗಾಗುತ್ತದೆಯೇ ಎಂದು ಅವಳು ನೋಡುತ್ತಿದ್ದಳು. ಬೂಟಿನ ಅಂಗಡಿಯ ಬೀದಿಗೆ ತಿರುಗುವಲ್ಲಿ ಅಪ್ಪ ತಿರುಗಿ ನೋಡಿದ. ಅವಳು ಕೈ ಬೀಸಿದಳು.

ಅವನು ನಡೆಯಲಿಲ್ಲ. ಅವಳು ಹತ್ತಿರ ಬರುವವರೆಗೆ ಕಾದ.

"ಆ ಹುಡುಗಿ ಎರಡು ಸಲ ತಿರುಗಿ ನೋಡಿದಳು," ಎಂದ. "ನಾನೂ ಹೀಗೇ ಕೈ ಬೀಸಿದೆ." ತನ್ನ ಕೈಯನ್ನೇ ನೋಡಿಕೊಂಡ. "ಪುಟ್ಟಿ, ನನ್ನ ನೋಡಿದ್ರೆ ಹೆದರಿಕೆ ಆಗೋ ಹಾಗಿದೀನಾ?"

"ಇಲ್ಲಪ್ಪ."

"ಬಸ್ಸಿನ ಕಿಟಕಿಯಿಂದ ನೋಡ್ತಾನೇ ಇದ್ದಳು."

ಅಪ್ಪ ಬನಿಯನ್ನಿನ ಕುತ್ತಿಗೆಯನ್ನು ಹಿಂದಿನಿಂದ ಎಳೆದು ಒಳಗೆ ಮಡಚಲು ನೋಡಿದ. ಎರಡು ಅಡ್ಡಗೆರೆಯ ಜಾಗ ಅವನ ಬೆರಳಿಗೆ ಹರಿದು ಬಂತು. ಅದನ್ನು ನೋಡಿ, ಅಂಗಡಿಯ ಗಾಜಿನಲ್ಲಿ ತೂಗುಹಾಕಿದ ಹೊಸ ಉಲ್ಟಾ ಟೀ ಶರ್ಟುಗಳನ್ನೂ ನೋಡಿ, ಚೂರನ್ನು ಜೇಬಿಗೆ ಹಾಕಿಕೊಂಡ.

"ನೀನು ಮುಂದೆ ನಡಿ," ಎಂದ. "ಕೆಲಸಕ್ಕೆ ಹೊತ್ತಾಗುತ್ತೆ ನಿನಗೆ."

"ಮೆಟ್ಟಿಲು ಹತ್ತಿಸಿ ಹೋಗ್ತೀನಿ."

"ಹತ್ತುತೀನಿ ನಾನು. ಹಿಂದೆ ಬರಬೇಡ, ಹೋಗು."

ಅವಳು ಹೋಗಬೇಕಾಗಿತ್ತು. ಮಧ್ಯಾಹ್ನದ ಪಾಳಿ, ಓಡಿದವರೆಲ್ಲ ಕೋಣೆ ಖಾಲಿ ಮಾಡುವ ದಿನ, ಬಟ್ಟೆಯ ರಾಶಿ ಬಾಗಿಲವರೆಗೆ ಬಂದಿರುತ್ತಿತ್ತು. ನಡೆದಳು. ಹಿಂದಿನಿಂದ ಕೆಮ್ಮು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಬೀದಿಯ ಕೊನೆಯಲ್ಲಿ ತಡೆಯಲಾಗದೆ ತಿರುಗಿ ನೋಡಿದಳು. ಅಪ್ಪ ಮೆಟ್ಟಿಲ ಹತ್ತಿರವೂ ಹೋಗಿರಲಿಲ್ಲ. ಅಂಗಡಿಯ ಎದುರು ಫುಟ್‌ಪಾತಿನ ಅಂಚಿನಲ್ಲಿ, ಅಂದು ಬೇಕರಿಯವನು ಕಲ್ಲಿನ ಮೇಲೆ ಕುಳಿತ ಹಾಗೆ, ಕುಳಿತು ಬೂಟು ಬಿಚ್ಚುತ್ತಿದ್ದ. 

ಅವನು ತಲೆಯೆತ್ತಲಿ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಅವನು ಎತ್ತಲಿಲ್ಲ. ಒಂದು ಬೂಟನ್ನು ಪಕ್ಕಕ್ಕಿಟ್ಟು ಇನ್ನೊಂದರ ಲಾಡಿಗೆ ಕೈ ಹಾಕಿದ.